ಮೂವತ್ತಾರು ಎಳೆಗಳ ನಡುವೆ ಒಂದು ಕೆಚ್ಚು

ಮಳೆಗಾಲದ ಒಂದು ಸೋಮವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ನಮ್ಮ ಕೇಬಲ್ ಕಾರ್ಖಾನೆಯ ಹೊಸ ಪೆಟ್ಟಿಗೆ ಮೊದಲ ಸಲ ಕೂಗಿತು. ಕೂಗಿದ್ದು ಒಂದೇ ಸಲ, ಅದೂ ಕೋಳಿಮರಿಯ ಹಾಗೆ ಸಣ್ಣಗೆ. ನಾನು ಮೆಷಿನ್ ನಿಲ್ಲಿಸಲಿಲ್ಲ. ಇಷ್ಟುದ್ದ ವೈರಿನಲ್ಲಿ ಒಂದು ಸಲ ಕೂಗಿದರೆ ಏನು ಮಹಾ ಎಂದುಕೊಂಡೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅದು ಏಳು ಸಲ ಕೂಗಿತ್ತು. ನಾನು ಬುತ್ತಿ ಮುಚ್ಚಿಟ್ಟು ಹೋಗಿ ಮೆಷಿನ್ ನಿಲ್ಲಿಸಿದೆ.

ಆ ಪೆಟ್ಟಿಗೆಗೆ ಸ್ಪಾರ್ಕ್ ಟೆಸ್ಟರ್ ಎನ್ನುತ್ತಾರೆ. ಒಳಗೆ ಲೋಹದ ಮಣಿಗಳ ಸರಗಳು ಬಾಗಿಲ ಪರದೆಯ ಹಾಗೆ ಇಳಿಬಿದ್ದಿರುತ್ತವೆ. ಪ್ಲಾಸ್ಟಿಕ್ ಹೊದಿಕೆ ಹೊದ್ದ ತಾಮ್ರದ ವೈರು ಆ ಮಣಿಗಳ ನಡುವೆ ಹಾಯ್ದು ಹೋಗಬೇಕು. ಮಣಿಗಳಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ತು. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಕಿಡಿ ಒಳಕ್ಕೆ ಹಾರುತ್ತದೆ, ಪೆಟ್ಟಿಗೆ ಕೂಗುತ್ತದೆ. ಕೂಗದೆ ಇದ್ದರೆ ವೈರು ಒಳ್ಳೆಯದು. ಅಂದರೆ ಅದು ಸುಮ್ಮನಿರುವುದಕ್ಕೆಂದೇ ನಾವು ಅದನ್ನು ತಂದಿದ್ದು.

ನಮ್ಮ ಕಾರ್ಖಾನೆ ಇರುವುದು ಬೆಟಗೇರಿಯ ಅಂಚಿನಲ್ಲಿ, ಮೊದಲು ಮಗ್ಗಗಳಿದ್ದ ಒಂದು ಉದ್ದನೆಯ ಶೆಡ್ಡಿನಲ್ಲಿ. ಮಾಲಕರು ಮುಂಡರಗಿಯವರು. ಅಲ್ಲಿ ಪಂಪ್‌ಸೆಟ್ಟಿನ ಅಂಗಡಿ ನಡೆಸುತ್ತಿದ್ದವರು, ಪರಸ್ಥಳದಿಂದ ಬರುವ ಕೇಬಲ್ ಮಾರಿ ಮಾರಿ ಬೇಸತ್ತು, ಇದನ್ನು ನಾವೇ ಯಾಕೆ ಮಾಡಬಾರದು ಎಂದು ಎರಡು ಮೆಷಿನ್ ಹಾಕಿಸಿದರು. ಬೋರ್‌ವೆಲ್ಲಿಗೆ ಇಳಿಸುವ ಚಪ್ಪಟೆ ಕೇಬಲ್ ನಮ್ಮ ಸರಕು. ಅಲ್ಲಿಯವರೆಗೆ ದಪ್ಪ ತಾಮ್ರದ ಏಳು ಎಳೆಗಳನ್ನು ಹೊಸೆದು ಮಾಡುತ್ತಿದ್ದೆವು. ಸುತ್ತಲಿನ ತಾಲ್ಲೂಕುಗಳ ಅಂಗಡಿಗಳಿಗೆ ಅಷ್ಟು ಸಾಕಾಗಿತ್ತು. ಆ ವರ್ಷ ಒಂದು ದೊಡ್ಡ ಪಂಪ್ ಕಂಪನಿ ನಮ್ಮನ್ನು ಪರೀಕ್ಷೆಗೆ ಕರೆದಿತ್ತು. ಅವರಿಗೆ ಬೇಕಾದದ್ದು ಬೇರೆ ನಮೂನೆ: ಕೂದಲಿನಂಥ ಮೂವತ್ತಾರು ಎಳೆಗಳ, ಬಳ್ಳಿಯ ಹಾಗೆ ಬಳುಕುವ ವೈರು. ಐನೂರು ಮೀಟರಿನ ಹನ್ನೆರಡು ಕಾಯಿಲ್ ಮಾಡಿ ತೋರಿಸಬೇಕು, ಒಂದರಲ್ಲೂ ಎಲ್ಲಿಯೂ ತುಂಡು ಸೇರಿಸಿದ ಜೋಡು ಇರಕೂಡದು. ಪಾಸಾದರೆ ಅವರ ಪಟ್ಟಿಯಲ್ಲಿ ನಮ್ಮ ಹೆಸರು. ನಪಾಸಾದರೆ ಪೂರ್ತಿ ಒಂದು ವರ್ಷ ಅವರ ಬಾಗಿಲು ಬಡಿಯುವಂತಿಲ್ಲ.

ಮಾಲಕರಂತೂ ಆಗಲೇ ಮೂರನೆಯ ಮೆಷಿನ್ನಿಗೆ ಕಾಂಕ್ರೀಟಿನ ಕಟ್ಟೆ ಹಾಕಿಸಿಬಿಟ್ಟಿದ್ದರು. ಕೇಳಿದರೆ, "ಹಾಸಿಗಿ ಹಾಸೇನಿ. ಮದುಮಗ ಬರ್ಲಿಲ್ಲಂದ್ರ ನಾನ ಮಲಗೂದು ಅದರ ಮ್ಯಾಲ" ಎನ್ನುತ್ತಿದ್ದರು. ನಗುತ್ತ ಹೇಳಿದರೂ ಅದರಲ್ಲಿ ನಗು ಕಡಿಮೆ ಇತ್ತು. ಪರೀಕ್ಷೆಗೆ ಇನ್ನು ಹದಿನೆಂಟು ದಿನ. ಉತ್ಪಾದನೆಯ ಹೊಣೆ ನನ್ನದು.

ಮುಂದಿನ ಮೂರು ದಿನ ನಾವು ಮಾಡಿದ್ದೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮೊದಲು ಪ್ಲಾಸ್ಟಿಕ್ಕಿನ ಕಾಳುಗಳ ಮೇಲೆ ಸಂಶಯ ಬಂತು. ಮಳೆಗಾಲ, ಕಾಳು ಪಸೆ ಹಿಡಿದರೆ ಹೊದಿಕೆಯಲ್ಲಿ ಗುಳ್ಳೆ ಏಳುತ್ತದೆ. ಚೀಲಗಳನ್ನೆಲ್ಲ ಬಿಚ್ಚಿ ಬಿಸಿಗಾಳಿಯಲ್ಲಿ ಒಣಗಿಸಿದೆವು. ಪೆಟ್ಟಿಗೆ ಕೂಗಿತು. ಕರಗಿದ ಪ್ಲಾಸ್ಟಿಕ್ ಸೋಸುವ ಜಾಳಿಗೆ ಬದಲಿಸಿದೆವು. ಕೂಗಿತು. ತಾಮ್ರ ಹಾಯುವ ಮೂತಿಯನ್ನು ಬಿಚ್ಚಿ ಉಜ್ಜಿ ಕನ್ನಡಿ ಮಾಡಿದೆವು. ಕೂಗಿತು. ಆಮೇಲೆ ಪೆಟ್ಟಿಗೆಯೇ ಸುಳ್ಳು ಹೇಳುತ್ತಿರಬಹುದೆಂದು ಅದರ ಮಣಿಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ ಇಟ್ಟೆವು.

ಹೊದಿಕೆ ಹೊದಿಸುವ ಮೆಷಿನ್ನಿನ ಆಪರೇಟರು ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುವವನು, ಬಾಯಿ ಚುರುಕು. "ಸಾಹೇಬ್ರ, ಇದು ಹಲ್ಲಿ ಲೊಚಗುಟ್ಟಿದಂಗ ಲೊಚಗುಟ್ಟತೈತಿ. ಮೂಡಣ ದಿಕ್ಕಿಗೆ ಲೊಚಗುಟ್ಟಿದ್ರ ಏನ ಫಲ ಅಂತ ಪಂಚಾಂಗ ನೋಡೂಣೇನು?" ಎಂದ.

"ಪಡುವಣಕ್ಕ ತಿರಿವಿ ಇಡು. ಫಲ ಬದಲಾದ್ರೂ ಆಗಬಹುದು" ಎಂದೆ. ಅವನು ಖರೇನೇ ತಿರುವಿ ಇಟ್ಟ. ಕೂಗಿತು.

ಕೂಗಿದ ಜಾಗವನ್ನು ಕತ್ತರಿಸಿ ನೋಡಿರಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದ್ದೆವು. ಬ್ಲೇಡಿನಿಂದ ಹೊದಿಕೆ ಸುಲಿದಾಗ ಮೂವತ್ತಾರರಲ್ಲಿ ಒಂದು ಎಳೆ ತುಂಡಾಗಿ ಬಿಚ್ಚಿಕೊಂಡಿರುತ್ತಿತ್ತು. ನಮ್ಮ ಬ್ಲೇಡೇ ತಾಗಿ ಕಡಿದಿದೆ ಎಂದುಕೊಂಡೆವು. ಕೈ ಹಗುರ ಇಟ್ಟುಕೊಳ್ಳೋ ಎಂದು ಆಪರೇಟರನ್ನು ಬೈದೆ. ಅವನು, "ನಾ ಮುಟ್ಟೇ ಇಲ್ರಿ, ಅದ ಬಿಚ್ಚಿಕೊಂಡು ಬಂತು" ಎಂದ. ನಾನು ನಂಬಲಿಲ್ಲ. ಆ ಬೈಗುಳವನ್ನು ಇವತ್ತಿಗೂ ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳಬೇಕು.

ನಾಲ್ಕನೆಯ ದಿನ ಏನೂ ತೋಚದೆ, ಕೇಬಲ್ಲಿನ ಮೇಲೆ ಅಕ್ಷರ ಮುದ್ರಿಸುವ ಶಾಯಿಗೆ ಬೆರೆಸುವ ತಿನ್ನರನ್ನು ಒಂದು ಗಾಜಿನ ಭರಣಿಯಲ್ಲಿ ಸುರಿದು, ಕೂಗಿದ ಜಾಗದ ಒಂದು ಗೇಣು ವೈರನ್ನು ಅದರಲ್ಲಿ ಮುಳುಗಿಸಿಟ್ಟೆ. ಆ ತಿನ್ನರಿಗೆ ನಮ್ಮ ಪ್ಲಾಸ್ಟಿಕ್ಕನ್ನು ಕರಗಿಸುವ ಗುಣವಿದೆ. ಮಧ್ಯಾಹ್ನದ ಚಹಾ ಮುಗಿಸಿ ಬಂದು ನೋಡಿದರೆ ಹೊದಿಕೆ ನೆನೆದ ಅವಲಕ್ಕಿಯಂತಾಗಿತ್ತು. ಚಿಮುಟದಿಂದ ಮೆಲ್ಲಗೆ ಬಿಡಿಸಿದೆ. ಬ್ಲೇಡು ತಾಗಿಸಲೇ ಇಲ್ಲ. ಒಳಗೆ ಮೂವತ್ತೈದು ಎಳೆಗಳು ನೆಟ್ಟಗಿದ್ದವು. ಮೂವತ್ತಾರನೆಯದರಲ್ಲಿ, ಎಳ್ಳಿನಷ್ಟು ಉದ್ದಕ್ಕೆ, ಎರಡು ತುದಿಗಳನ್ನು ಒಂದರ ಮೇಲೊಂದು ಮಲಗಿಸಿ ಹೊಸೆದಿತ್ತು. ಹೊಸೆದಲ್ಲಿಂದ ಒಂದು ಮೊನೆ ಮುಳ್ಳಿನ ಹಾಗೆ ಹೊರಗೆ ಚಾಚಿತ್ತು. ಆ ಮುಳ್ಳೇ ಹೊದಿಕೆಯನ್ನು ಒಳಗಿನಿಂದ ಚುಚ್ಚುತ್ತಿದ್ದದ್ದು.

ಅದನ್ನು ನೋಡಿದ ಕ್ಷಣ ಸಿಟ್ಟಿಗಿಂತ ಮೊದಲು ಬಂದದ್ದು ಬೆರಗು. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ನೂಲು ತುಂಡಾದರೆ ಗಂಟು ಹಾಕುವುದಿಲ್ಲ, ಗಂಟು ಬಟ್ಟೆಯಲ್ಲಿ ಕಾಣುತ್ತದೆ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ಎರಡು ತುದಿಗಳನ್ನು ಸೇರಿಸಿ ಒಂದೇ ಸಲ ಹೊಸೆಯುತ್ತಾರೆ. ಮುಗಿಯಿತು, ನೇಯ್ದವರಿಗೂ ಮತ್ತೆ ಆ ಜಾಗ ಸಿಗದು. ಅದನ್ನೇ ಇಲ್ಲಿ ಯಾರೋ ತಾಮ್ರದಲ್ಲಿ ಮಾಡಿದ್ದರು.

ನಮ್ಮಲ್ಲಿ ತಾಮ್ರದ ಎಳೆಯನ್ನು ದೊಡ್ಡ ಉರುಳೆಯಿಂದ ಸಣ್ಣ ಬಾಬಿನ್ನುಗಳಿಗೆ ಸುತ್ತುವುದು, ಬಾಬಿನ್ನುಗಳಿಂದ ಮೂವತ್ತಾರು ಎಳೆಗಳು ಹೊಸೆಯುವ ಮೆಷಿನ್ನಿಗೆ ಹೋಗುವಾಗ ಕಾಯುವುದು, ಎರಡೂ ಹೆಣ್ಣುಮಕ್ಕಳ ಕೆಲಸ. ಹೆಚ್ಚಿನವರು ಮಗ್ಗದ ಮನೆಯವರೇ. ಲಾಳಿಯೊಳಗಿನ ಕಂಡಿಕಿ ಸುತ್ತಿದ ಕೈ ಬಾಬಿನ್ ಸುತ್ತುವುದಕ್ಕೆ ಹೇಳಿ ಮಾಡಿಸಿದ್ದು. ಅವರಲ್ಲಿ ಹಿರಿಯಳನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ಚಿಮುಟದಲ್ಲಿ ಆ ಎಳೆ ಹಿಡಿದುಕೊಂಡೇ ಅವಳ ಹತ್ತಿರ ಹೋದೆ.

"ದೊಡ್ಡಕ್ಕಾ, ಇದು ಯಾರ ಕೈ?"

ಅವಳು ಕನ್ನಡಕ ಹುಡುಕಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉರುಳಿಸಿದಳು. "ನಂದ್ರಿ. ನಾ ಬಲಕ್ಕ ಹೊಸದೇನಿ. ಉಳದಾರೆಲ್ಲಾ ಎಡಕ್ಕ ಹೊಸೀತಾರ."

"ಅಂದ್ರ ಉಳದಾರೂ ಮಾಡತಾರ?"

"ಮತ್ತೇನ್ರಿ, ಬಿಟ್ಟು ಏಳಾಕ ಬರ್ತೈತೇನು? ಅಷ್ಟಕ್ಕ ಬಿಟ್ಟು ಎದ್ರ ಕುಂತ ಜಾಗಾ ಒಪ್ಪೂದಿಲ್ಲ."

"ಎಳಿ ಹರೀತು ಅಂತ ನನಗ ಒಂದ ಮಾತು ಹೇಳಬಾರದಾಗಿತ್ತೇನು?"

ಸುತ್ತುತ್ತಿದ್ದ ಕೈಗಳೆಲ್ಲ ನಿಂತವು. ಯಾರೂ ನನ್ನ ಮುಖ ನೋಡಲಿಲ್ಲ. ದೊಡ್ಡಕ್ಕ ದನಿ ಇಳಿಸಿ, "ಹಂಗ ಅನ್ನಬ್ಯಾಡ್ರಿ" ಎಂದಳು.

"ಯಾವುದು?"

"ಈಗ ನೀವು ಅಂದ್ರಲ್ಲ, ಅದು. ದುಡಿಯೂ ಎಳಿ ಮುಂದ ಅದನ್ನ ಬಾಯಿಲೆ ಅನ್ನಂಗಿಲ್ಲ. ಮನ್ಯಾಗ ದೀಪ ಆರಿತು ಅಂತೀರೇನು? ಶಾಂತ ಆತು ಅಂತೀರಿ. ನಮ್ಮತ್ತಿ ಜೀವ ಇರೂತನಾ ಮಗ್ಗದ ಕುಣ್ಯಾಗ ಕುಂತಾಳ, ಒಮ್ಮೆರ ಆ ಮಾತು ಅಂದಾಕಿ ಅಲ್ಲ. ಕೆಚ್ಚೂದು, ಮುಂದಕ್ಕ ನಡಿಯೂದು. ಕೂಗಿ ಹೇಳಿದ್ರ ಅದು ಮತ್ತ ಮತ್ತ ಆಕ್ಕೈತಿ."

ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ನಾನೇ ಬರೆಸಿ ಹಾಕಿದ ಬೋರ್ಡು ಇತ್ತು: ಎಳೆ ಹರಿದರೆ ತಕ್ಷಣ ಕೂಗಿ ಹೇಳಿರಿ. ಕೆಂಪು ಅಕ್ಷರ, ಗೇಣು ಗೇಣು ಎತ್ತರ. ಆ ಬೋರ್ಡಿನ ಮೇಲೆ ಯಾವಾಗಲೂ ಯಾರದಾದರೂ ಒಂದು ಟವೆಲ್ಲು ಇಳಿಬಿದ್ದಿರುತ್ತಿತ್ತು. ಒಣಗಲಿ ಎಂದು ಹಾಕುತ್ತಾರೆ ಅಂತ ತಿಳಿದಿದ್ದೆ. ಎಂಟು ತಿಂಗಳಿಂದ ಈ ಹೆಣ್ಣುಮಕ್ಕಳು ನನ್ನ ಅಶುಭ ಮಾತನ್ನು ಮರ್ಯಾದೆಯಿಂದ ಮುಚ್ಚುತ್ತ ಬಂದಿದ್ದರು.

"ದಿನಕ್ಕ ಎಷ್ಟು ಸಲ ಕೆಚ್ಚತೀರಿ?"

"ದಪ್ಪ ತಂತಿ ಇದ್ದಾಗ ಇರ್ಲೇ ಇಲ್ಲ ಬಿಡ್ರಿ. ಈ ಸಣ್ಣದು ಬಂದ ಮ್ಯಾಲ ಹತ್ತು, ಹನ್ನೆರಡು. ಇದು ತಂತಿ ಅಲ್ಲ, ಜ್ವರ ಬಂದ ಕೂಸು."

ಮಾಲಕರ ಕೋಣೆಗೆ ಹೋಗಿ ಭರಣಿಯನ್ನು ಮೇಜಿನ ಮೇಲಿಟ್ಟೆ. ಅವರು ಎಲ್ಲ ಕೇಳಿಕೊಂಡು, "ಹೆಣ್ಮಕ್ಕಳನ್ನ ಬದಲಿ ಮಾಡು. ಕೆಲಸ ಗೊತ್ತಿದ್ದವರನ್ನ ತಾ" ಎಂದರು.

"ಇವರಿಗಿಂತ ಗೊತ್ತಿದ್ದವರು ಎಲ್ಲಿ ಸಿಗ್ತಾರ್ರಿ? ಕೆಲಸ ಭಾಳ ಗೊತ್ತಿದ್ದದ್ದಕ್ಕ ಹಿಂಗಾಗೇತಿ. ಗೊತ್ತಿಲ್ಲದವರು ಕೆಚ್ಚಿದ್ರ ಅಲ್ಲೇ ಬಿಚ್ಚಿ ಬೀಳತಿತ್ತು, ಅವತ್ತ ನಮಗ ತಿಳೀತಿತ್ತು."

"ಹಂಗಾರ ಪೆಟಗಿ ಕೂಗಿದ್ದಲ್ಲಿ ಕಡದ ಒಗಿ, ಉಳದದ್ದನ್ನ ಕೊಡೂಣು."

"ಕೂಗದ ಕೆಚ್ಚೂ ಅದರಾಗ ಅದಾವ. ಮುಳ್ಳ ಒಳಗ ಮಲಗಿದ್ರ ಪೆಟಗಿಗೆ ಗೊತ್ತಾಗೂದಿಲ್ಲ. ನಾಳೆ ಬೋರ್‌ನ್ಯಾಗ ಇಳದ ಮ್ಯಾಲ ಎದ್ದ ಕುಂಡ್ರತೈತಿ."

"ಕುಂಡ್ರತೈತಿ ಅಂತ ನೀ ಅಂತಿ. ಎಳ್ಳಕಾಳಿನಷ್ಟು ಕೆಚ್ಚಿಗೆ ಆರು ಕಿಲೋಮೀಟರ್ ಮಾಲು ಹಾಳ ಮಾಡೂದೇನು? ನನಗ ತೋರಿಸು ಮೊದಲ."

ತೋರಿಸುವುದಕ್ಕೆ ಒಂದು ದಾರಿ ಇತ್ತು. ಸ್ಪಾರ್ಕ್ ಟೆಸ್ಟರ್ ಬರುವುದಕ್ಕೆ ಮೊದಲು, ಹೊಸ ನಮೂನೆಯ ನಾಲ್ಕು ಕಾಯಿಲ್‌ಗಳನ್ನು ಲಕ್ಷ್ಮೇಶ್ವರದ ಒಂದು ಅಂಗಡಿಗೆ ಕಳಿಸಿದ್ದೆವು. ವಿಚಾರಿಸಿದರೆ ಮೂರು ಇನ್ನೂ ಅಂಗಡಿಯಲ್ಲೇ ಇದ್ದವು. ಅವನ್ನು ವಾಪಸು ತರಿಸಿದೆವು. ನಾಲ್ಕನೆಯದು ಶಿರಹಟ್ಟಿ ಹತ್ತಿರದ ಒಂದು ಹೊಲದ ಬೋರಿಗೆ ಇಳಿದು ಎರಡು ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ಹಳೆಯ ನಮೂನೆಯ ಒಂದು ಒಳ್ಳೆಯ ಕಾಯಿಲ್, ಪೈಪು ಎತ್ತುವ ಇಬ್ಬರು ಆಳು, ಇನ್ಸುಲೇಷನ್ ಅಳೆಯುವ ಮೀಟರು ಟೆಂಪೋದಲ್ಲಿ ಹಾಕಿಕೊಂಡೆ. ದೊಡ್ಡಕ್ಕನನ್ನೂ ಬರಲು ಹೇಳಿದೆ. ಕೇಬಲ್ಲಿನ ಹೊಟ್ಟೆಯೊಳಗಿನ ಕೆಚ್ಚನ್ನು ಮುಟ್ಟಿ ಗುರುತಿಸುವ ಬೆರಳು ನಮ್ಮಲ್ಲಿ ಇನ್ನಾರಿಗೂ ಇರಲಿಲ್ಲ. ಅವಳು ದಾರಿಯುದ್ದಕ್ಕೂ ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಕೆಲಸದಿಂದ ತೆಗೆಯಲು ಇಷ್ಟು ದೂರ ಕರೆದೊಯ್ಯುತ್ತಿದ್ದೇನೆ ಎಂದು ತಿಳಿದಿದ್ದಳಂತೆ, ಆಮೇಲೆ ಹೇಳಿದಳು.

ಹೊಲದ ಯಜಮಾನರು ಬದುವಿನ ಮೇಲೆ ನಿಂತು ನಮ್ಮ ಪರಿವಾರವನ್ನೆಲ್ಲ ನೋಡಿದರು. ಪಕ್ಕದಲ್ಲಿ ಪೈಪಿನಿಂದ ನೀರು ಹೆಬ್ಬಾವಿನ ಹಾಗೆ ಬೀಳುತ್ತಿತ್ತು.

"ನಾ ಏನರ ತಕರಾರ ಮಾಡೇನೇನು?"

"ಇಲ್ರಿ."

"ನೀರ ಬರಾಕತ್ತೈತಿ, ಕಾಣತೈತಿಲ್ಲೋ?"

"ಕಾಣತೈತ್ರಿ."

"ನೆಟ್ಟಗ ನಡದದ್ದನ್ನ ಎತ್ತಿ ನೋಡತೇನಿ ಅಂತೀರಲ್ಲ, ನಿಮ್ಮ ಕಾರ್ಖಾನ್ಯಾಗ ಕೆಲಸ ಕಡಿಮಿ ಬಿದ್ದಾವೇನು? ಉಣ್ಣಾಕ ಕುಂತವನ ಹೊಟ್ಟಿ ಕೊಯ್ದು, ಅನ್ನ ಪಚನ ಆತೋ ಇಲ್ಲೋ ನೋಡತೇನಿ ಅಂದಂಗಾತು."

ನಾನು ಮೋಟಾರು ನಿಲ್ಲಿಸಿ, ಸ್ಟಾರ್ಟರಿನಿಂದ ಕೇಬಲ್ ಬಿಚ್ಚಿ ಮೀಟರು ಹಚ್ಚಿದೆ. ಒಳ್ಳೆಯ ಕೇಬಲ್ ಆಗಿದ್ದರೆ ಮೀಟರಿನ ಮುಳ್ಳು ಏರಿ ಮೇಲೆಯೇ ನಿಲ್ಲಬೇಕು. ಅದು ಏರಿತು, ತುಸು ಹೊತ್ತು ಯೋಚಿಸಿತು, ಮೆಲ್ಲಗೆ ಇಳಿಯತೊಡಗಿತು. ಯಜಮಾನರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಮೀಟರಿನ ಲೆಕ್ಕ ಅವರಿಗೆ ತಿಳಿಯದಿದ್ದರೂ ನನ್ನ ಮುಖದ ಲೆಕ್ಕ ತಿಳಿಯಿತು.

"ಎತ್ರಿ ಹಂಗಾರ" ಎಂದರು.

ಮುಕ್ಕಾಲಿ ನಿಲ್ಲಿಸಿ, ಸರಪಳಿ ಹಾಕಿ, ಒಂದೊಂದೇ ಪೈಪು ಮೇಲೆತ್ತಿದೆವು. ಪೈಪಿನ ಜೊತೆ ಬಂದ ಒದ್ದೆ ಕೇಬಲ್ಲು ದೊಡ್ಡಕ್ಕನ ಅಂಗೈಯೊಳಗಿಂದ ಹಾಯ್ದು ಹೋಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಆರನೆಯ ಪೈಪಿಗೆ "ನಿಂದರ್ರಿ" ಎಂದಳು.

ನೋಡಿದರೆ ಹೊರಗಿನ ಹೊದಿಕೆ ಅಲ್ಲಿ ತರಚಿತ್ತು. ಕೆಚ್ಚು ಇದ್ದಲ್ಲಿ ಕೇಬಲ್ಲು ತುಸು ಉಬ್ಬಿತ್ತು. ಇಳಿಸುವಾಗ ಆ ಉಬ್ಬೇ ಬೋರಿನ ಬಾಯಿಯ ಕಬ್ಬಿಣದ ಅಂಚಿಗೆ ತಿಕ್ಕಿತ್ತು. ತರಚಿದ ಗಾಯದ ನಡುವೆ ಸಾಸಿವೆಯಷ್ಟು ಹಸಿರು ಚುಕ್ಕಿ. ತಾಮ್ರಕ್ಕೆ ನೀರು ಮುಟ್ಟಿದರೆ ಏಳುವ ಕಿಲುಬು ಅದು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಮೋಟಾರು ಸುಟ್ಟು ಹೋಗುತ್ತಿತ್ತು. ಒದ್ದೆ ಹೊಲದಲ್ಲಿ ಬರಿಗಾಲಲ್ಲಿ ಸ್ಟಾರ್ಟರ್ ಮುಟ್ಟುವ ಮನುಷ್ಯನ ಗತಿಯನ್ನು ಯೋಚಿಸಲೂ ನನಗೆ ಧೈರ್ಯವಾಗಲಿಲ್ಲ.

ದೊಡ್ಡಕ್ಕ ಆ ಚುಕ್ಕಿಯನ್ನು ಉಗುರಿನಿಂದ ಕೆರೆದಳು. ಹೊದಿಕೆ ಸರಿಸಿ ಒಳಗಿನ ಎಳೆಯನ್ನು ಬೆರಳಲ್ಲಿ ಉರುಳಿಸಿದಳು. "ಬಲಕ್ಕ ಹೊಸದೈತಿ" ಎಂದಳು. ಆಮೇಲೆ, "ಮಗ್ಗದ ಅರಿವ್ಯಾಗ ಆದ್ರ ಇದು ಯಾರ ಜೀವಕ್ಕೂ ಬರೂದಿಲ್ರಿ. ಇದರಾಗ ನೀರು, ಬೆಂಕಿ ಎರಡೂ ಅದಾವ ಅಂತ ನಮಗ ಯಾರೂ ಹೇಳಿದ್ದಿಲ್ಲ" ಎಂದಳು.

ಖರೆ. ಹೇಳಬೇಕಾದವನು ನಾನು. ಕೂಗಿ ಎಂದು ಬರೆಸಿದ್ದೆ, ಯಾಕೆ ಎಂದು ಬರೆಸಿರಲಿಲ್ಲ.

ಹಳೆಯ ನಮೂನೆಯ ಕಾಯಿಲ್ ಕಟ್ಟಿ ಪಂಪು ಇಳಿಸಿ ನೀರು ಬಿಟ್ಟಾಗ ಮಧ್ಯಾಹ್ನ ಮೂರು. ಯಜಮಾನರು ನಮಗೆಲ್ಲ ರೊಟ್ಟಿ, ಶೇಂಗಾ ಹಿಂಡಿ ತರಿಸಿ ತಿನ್ನಿಸಿದರು. "ಮಾರಿದ ಮ್ಯಾಲ ಹೊಳ್ಳಿ ಬಂದ ಕಾರ್ಖಾನಿಯವರನ್ನ ಇದ ಮೊದಲ ನೋಡೇನಿ. ಮತ್ತ ಬರಬ್ಯಾಡ್ರಿ" ಎಂದರು.

ಆ ಹಸಿರು ಚುಕ್ಕಿಯ ತುಂಡನ್ನು ಮಾಲಕರ ಮೇಜಿನ ಮೇಲಿಟ್ಟೆ. ಅವರು ಎತ್ತಿ ನೋಡಿದರು, ಕಿಟಕಿಯಾಚೆಯ ಕಾಂಕ್ರೀಟಿನ ಕಟ್ಟೆಯ ಕಡೆ ನೋಡಿದರು, ಮತ್ತೆ ತುಂಡಿನ ಕಡೆ ನೋಡಿದರು.

"ಮಾಡಿದ್ದೆಲ್ಲಾ ಹಾಳ ಮಾಡು" ಎಂದರು. "ಆದ್ರ ತಪಾಸಣಿಯವರಿಗೆ ಏನಂತಿ? ಮೊದಲನೇ ಸಲಕ್ಕ ವಾಯ್ದೆ ಕೇಳಿದ್ರ ಏನ ತಿಳಕೋತಾರ? ಲೈಟ್ ಇರ್ಲಿಲ್ಲ ಅನ್ನು. ಕರೆಂಟಿನ ಮ್ಯಾಲ ಹಾಕಿದ್ರ ಎಲ್ಲಾರೂ ನಂಬತಾರ."

ನಿಜ ಹೇಳುತ್ತೇನೆ, ಫೋನು ಹಚ್ಚುವವರೆಗೆ ನಾನೂ ಅದನ್ನೇ ಹೇಳುವವನಿದ್ದೆ. ತಪಾಸಣೆಗೆ ಬರಬೇಕಾಗಿದ್ದವರು ಆ ಕಂಪನಿಯ ಒಬ್ಬ ಮಹಿಳಾ ಇಂಜಿನಿಯರು, ಬೆಳಗಾವಿ ಕಡೆಯವರು; ನಾವು ಅವರನ್ನು ಇಂಜಿನಿಯರ್ ಬಾಯಿ ಎನ್ನುತ್ತೇವೆ. ಅವರು ಆ ಕಡೆಯಿಂದ "ಹೇಳ್ರಿ, ಏನಾಗೇದ?" ಎಂದು ಅಷ್ಟು ಸಾದಾ ಕೇಳಿಬಿಟ್ಟರು, ನನ್ನ ಬಾಯಿಂದ ಎಲ್ಲವೂ ಹೊರಬಿತ್ತು. ಕೆಚ್ಚು, ಮುಳ್ಳು, ಶಿರಹಟ್ಟಿಯ ಬೋರು, ಮುಚ್ಚಿದ ಬೋರ್ಡು. ಎಂಟು ದಿನದ ವಾಯಿದೆ ಬೇಕು ಎಂದೆ. ನಾನು ಫೋನು ಕಿವಿಗೆ ಒತ್ತಿಕೊಂಡು ಕೂತೆ.

"ಹರದದ್ದನ್ನ ನಿಮಗ ಹೇಳೋದಿಲ್ಲ ಅಂತಾರಲ್ಲ, ಮುಂದ ಹೆಂಗ ತಿಳಕೋತೀರಿ?" ಎಂದು ಕೇಳಿದರು.

"ಅದನ್ನ ಇನ್ನೂ ಯೋಚನಿ ಮಾಡಿಲ್ರಿ."

"ಅದನ್ನ ಮೊದಲ ಮಾಡ್ರಿ. ಎಂಟು ದಿನ ತಗೋರಿ" ಎಂದು ಇಟ್ಟುಬಿಟ್ಟರು. ಮೆಚ್ಚಿದರೋ ಮುನಿದರೋ ತಿಳಿಯಲಿಲ್ಲ.

ಮರುದಿನ ಬೋರ್ಡನ್ನು ನಾನೇ ಕಳಚಿದೆ. ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ, ಹಸಿರು ಚುಕ್ಕಿಯ ತುಂಡನ್ನು ಕೈಯಿಂದ ಕೈಗೆ ಕೊಟ್ಟು, ಶಿರಹಟ್ಟಿಯದನ್ನು ದೊಡ್ಡಕ್ಕನ ಬಾಯಿಂದಲೇ ಹೇಳಿಸಿದೆ. ಆಮೇಲೆ ಕೇಳಿದೆ, "ಬಾಯಿಲೆ ಅನ್ನೂದು ಬ್ಯಾಡ. ನನಗ ತಿಳಿಯೂ ಹಂಗ ಏನ ಮಾಡತೀರಿ, ನೀವ ಹೇಳ್ರಿ."

ಗುಸುಗುಸು ಆಯಿತು. ಕೊನೆಗೆ ದೊಡ್ಡಕ್ಕ ಹೇಳಿದಳು: "ಕೆಂಪ ನೂಲು ತಂದ ಕೊಡ್ರಿ. ಎಲ್ಲಿ ಆಕ್ಕೈತೋ ಆ ಬಾಬಿನ್ನಿಗೆ ಒಂದ ದಾರ ಕಟ್ಟತೇವಿ. ಮಶೀನ್ ಬಂದ್ ಮಾಡತೇವಿ. ನೀವು ಬಂದು ಕಡೀರಿ. ಯಾರೂ ಯಾರನ್ನೂ ಕೇಳೂದು ಬ್ಯಾಡ."

ಬೆಟಗೇರಿಯಲ್ಲಿ ಕೆಂಪು ನೂಲಿಗೇನು ಬರ? ಒಂದು ಲಡಿ ತರಿಸಿ ಕಟ್ಟಿಗೆಯ ಗೂಟಕ್ಕೆ ತೂಗುಹಾಕಿದೆವು.

ಮೊದಲ ದಿನವೇ ಹನ್ನೊಂದು ದಾರ ಬಿದ್ದವು. ಹನ್ನೊಂದು ಸಲ ನಿಲ್ಲಿಸಿ, ಕಡಿದು, ಗಿಡ್ಡ ತುಂಡುಗಳ ತುದಿಗೂ ಒಂದೊಂದು ಕೆಂಪು ದಾರ ಕಟ್ಟಿಸಿ ಬೇರೆ ಇಟ್ಟೆ. ಐನೂರು ಮೀಟರಿನ ಒಂದು ಕಾಯಿಲೂ ಆಗಲಿಲ್ಲ. ಮಾಲಕರು ಬಂದು ಗಿಡ್ಡ ತುಂಡುಗಳನ್ನು ಎಣಿಸಿ ಹೋದರು. ಸಂಜೆ ಬಾಬಿನ್ನುಗಳ ಚೌಕಟ್ಟನ್ನೇ ನೋಡುತ್ತ ಕೂತೆ. ಆಗ ಕಂಡಿತು. ಹನ್ನೊಂದರಲ್ಲಿ ಎಂಟು ದಾರಗಳು ಒಂದೇ ಗೂಡಿನಲ್ಲಿ, ಎಡಗಡೆಯ ಮೂರನೆಯ ಸಾಲಿನ ಕೊನೆಗೆ, ಕುಂಕುಮದ ಗೊಂಚಲಿನ ಹಾಗೆ ತೂಗುತ್ತಿದ್ದವು.

ಆ ಗೂಡಿನ ಬಾಬಿನ್ ಬದಲಿಸಿ ಮೆಷಿನ್ ಹಾಕಿಸಿದೆ. ಮತ್ತೆ ಅಲ್ಲೇ. ಅಂದರೆ ದೋಷ ತಾಮ್ರದ್ದಲ್ಲ. ಪ್ರತಿ ಎಳೆಯೂ ಹೊಸೆಯುವ ಜಾಗಕ್ಕೆ ಹೋಗುವ ಮೊದಲು ಪಿಂಗಾಣಿಯ ಒಂದು ಪುಟ್ಟ ಬಳೆಯೊಳಗೆ ಹಾಯುತ್ತದೆ. ದೊಡ್ಡಕ್ಕ ಆ ಬಳೆಯ ಒಳಗೆ ಕಿರುಬೆರಳು ತೂರಿಸಿ ತಿರುಗಿಸಿದಳು. "ಹಲ್ಲ ಮುರದೈತಿ" ಎಂದಳು. ಕಣ್ಣಿಗೆ ಕಾಣದ ಒಂದು ಸೀಳು. ದಪ್ಪ ತಂತಿ ಅದರ ಮೇಲೆ ಸುಮ್ಮನೆ ಹೋಗುತ್ತಿತ್ತು, ಸಣ್ಣ ಎಳೆಯನ್ನು ಅದು ಕತ್ತಿಯ ಹಾಗೆ ಕೊಯ್ಯುತ್ತಿತ್ತು. ಸಣ್ಣ ತಂತಿ ಬಂದಾಗಿನಿಂದ ಈ ಹೆಂಗಸರ ಜಾಣ ಬೆರಳುಗಳು ಒಂದು ಮುರಿದ ಬಳೆಯನ್ನು ಕಾಯುತ್ತ ಬಂದಿದ್ದವು.

ಮರುದಿನ ಗದಗಕ್ಕೆ ಹೋಗಿ ಪೇಟೆಯೆಲ್ಲ ಸುತ್ತಿ, ಮಗ್ಗದ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯ ಪಿಂಗಾಣಿ ಬಳೆ ಹುಡುಕಿ ತಂದೆ. ಹಾಕಿದ ಮೇಲೆ ಅರ್ಧ ದಿನ ಮೆಷಿನ್ ತಿರುಗಿತು. ಒಂದೂ ದಾರ ಬೀಳಲಿಲ್ಲ. ಆಪರೇಟರು ಸ್ಪಾರ್ಕ್ ಟೆಸ್ಟರಿಗೆ ಕಿವಿ ಹಚ್ಚಿ ನಿಂತು, "ಸಾಹೇಬ್ರ, ಜೀವ ಐತೋ ಇಲ್ಲೋ ನೋಡ್ರಿ ಇದಕ್ಕ" ಎಂದ. ಆ ಹೊತ್ತು ನನಗೆ ಬಂದ ನಿರಾಳ ಎಂಥದ್ದೆಂದರೆ, ಚೀಲಗಳ ಮೇಲೆ ಕೂತವನು ಅಲ್ಲೇ ತೂಕಡಿಸಿಬಿಟ್ಟೆ. ಯಾರೂ ಎಬ್ಬಿಸಲಿಲ್ಲ.

ವಾಯಿದೆ ಮುಗಿಯುವ ಹೊತ್ತಿಗೆ ಹನ್ನೆರಡು ಕಾಯಿಲ್‌ಗಳು ಸಾಲಾಗಿ ನಿಂತಿದ್ದವು. ಇಂಜಿನಿಯರ್ ಬಾಯಿ ಬೆಳಿಗ್ಗೆಯೇ ಬಂದರು. ನಡುವಯಸ್ಸು, ಕಡಿಮೆ ಮಾತು. ತಾಮ್ರದ ತೂಕ, ಹೊದಿಕೆಯ ದಪ್ಪ, ಎಳೆಗಳ ಎಣಿಕೆ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒತ್ತಡದ ಪರೀಕ್ಷೆ, ಒಂದೂ ಬಿಡಲಿಲ್ಲ. ತಮಗೆ ಬೇಕೆನಿಸಿದ ಎರಡು ಕಾಯಿಲ್ ಆರಿಸಿ, ಅವುಗಳ ಹೊರ ಹೊದಿಕೆ ಸುಲಿಸಿ, ಒಳಗಿನ ವೈರುಗಳನ್ನು ಮತ್ತೊಮ್ಮೆ ಪೆಟ್ಟಿಗೆಯೊಳಗೆ ಹಾಯಿಸಿದರು. ಮಣಿಗಳು ಕಿಣಿಕಿಣಿ ಅಂದವು, ಅಷ್ಟೇ. ಮಾಲಕರು ಮುಂಜಾನೆಯಿಂದ ಬಾಗಿಲಲ್ಲೇ ನಿಂತಿದ್ದರು. ಒಳಗೂ ಬರುತ್ತಿರಲಿಲ್ಲ, ಹೊರಗೂ ಹೋಗುತ್ತಿರಲಿಲ್ಲ.

ಕೊನೆಗೆ ಇಂಜಿನಿಯರ್ ಬಾಯಿ ವರದಿ ಬರೆದು, "ಎಳಿ ಕಾಯೋರ ಸಹಿನೂ ಬೇಕು ನನಗ" ಎಂದರು. ದೊಡ್ಡಕ್ಕನನ್ನು ಕರೆಸಿದೆ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. "ಏನ ಬರದಾರ ಓದಿ ಹೇಳ್ರಿ ಮೊದಲ" ಎಂದಳು.

ನಾನು ಓದಿದೆ. ಕಾಯಿಲ್ ಹನ್ನೆರಡು. ಜೋಡು ಇಲ್ಲ. ತಯಾರಿಕೆಯಲ್ಲಿ ಹರಿದ ಎಳೆಗಳು ಇಪ್ಪತ್ತೊಂದು, ಎಲ್ಲವನ್ನೂ ಕಡಿದು ಬೇರೆ ಇಡಲಾಗಿದೆ. ಆ ಅಂಕಿ ನನ್ನ ದಿನಚರಿ ಪುಸ್ತಕದ್ದು.

"ಇಪ್ಪತ್ತೆರಡ್ರಿ" ಎಂದಳು ದೊಡ್ಡಕ್ಕ.

ಮಾಲಕರು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು. ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ. ಇಂಜಿನಿಯರ್ ಬಾಯಿ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

"ಸಾಹೇಬ್ರು ಬಳಿ ತರಾಕ ಗದಗಕ್ಕ ಹೋದ ದಿನ ಒಂದಾತು. ನಾ ದಾರ ಕಟ್ಟಿ, ಮಶೀನ್ ನಿಲ್ಲಿಸಿ, ಆಪರೇಟರ್ ಕಡಿಂದ ಕಡಿಸಿ ಇಟ್ಟೇನಿ. ಪುಸ್ತಕದಾಗ ಏರಿಲ್ಲ ಕಾಣತೈತಿ."

"ಆ ತುಂಡು ಎಲ್ಲದ?" ಎಂದರು ಇಂಜಿನಿಯರ್ ಬಾಯಿ.

ದೊಡ್ಡಕ್ಕ ಹೋಗಿ ಗಿಡ್ಡ ತುಂಡುಗಳ ರಾಶಿಯಿಂದ ಒಂದು ಸುರುಳಿ ಎಳೆದು ತಂದಳು. ತುದಿಯಲ್ಲಿ ಕೆಂಪು ದಾರ. ಇಂಜಿನಿಯರ್ ಬಾಯಿ ಅದನ್ನು ನೋಡಿದರು. ರಾಶಿಯ ಹತ್ತಿರ ತಾವೇ ಹೋಗಿ ಒಂದೊಂದೇ ದಾರವನ್ನು ಬೆರಳಿಟ್ಟು ಎಣಿಸಿದರು. ಆ ಎಣಿಕೆ ಮುಗಿಯುವಷ್ಟರಲ್ಲಿ ನನಗೆ ನಾಲ್ಕು ಋತು ಕಳೆದ ಹಾಗಾಯಿತು. ಇಪ್ಪತ್ತೆರಡು ಇದ್ದವು. ವಾಪಸು ಬಂದು ಕೂತು, ಇಪ್ಪತ್ತೊಂದನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಇಪ್ಪತ್ತೆರಡು ಎಂದು ಬರೆದು, ಅದರ ಕೆಳಗೆ ಚಿಕ್ಕ ಸಹಿ ಹಾಕಿದರು. ಆಮೇಲೆ ಚೀಲದಿಂದ ಮುದ್ರೆ ತೆಗೆದು, ಉಸಿರು ಊದಿ, ಕೊನೆಯ ಸಾಲಿನ ಮೇಲೆ ಒತ್ತಿದರು. ಅಂಗೀಕೃತ ಎಂದಿತ್ತು.

ಮೂರನೆಯ ಮೆಷಿನ್ ಬಂದದ್ದು, ಸೋಲಾರ್ ಪಂಪುಗಳಿಗೆ ಕನೆಕ್ಟರ್ ಹಚ್ಚಿದ ಕೇಬಲ್ ಶುರುವಾದದ್ದು, ಪಕ್ಕದ ಶೆಡ್ಡಿನಲ್ಲಿ ಈಗ ಇಂಟರ್ನೆಟ್ಟಿನ ಕೇಬಲ್ ಆಗುತ್ತಿರುವುದು, ಎಲ್ಲ ಆ ಮುದ್ರೆಯ ಮಕ್ಕಳು. ಆದರೆ ಆ ಗಳಿಗೆಯಲ್ಲಿ ನಮಗೆ ಅದಾವುದೂ ಕಾಣುತ್ತಿರಲಿಲ್ಲ. ಮಾಲಕರು ಕೈಗೆ ಸಿಕ್ಕ ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ಆಪರೇಟರು ಗೋಡೆಗೆ ಒರಗಿ ತನ್ನಷ್ಟಕ್ಕೆ ನಗುತ್ತಿದ್ದ. ದೊಡ್ಡಕ್ಕ ಒಂದೊಂದೇ ಅಕ್ಷರ ಒತ್ತಿ ಒತ್ತಿ, ಮನೆತನದ ಹೆಸರೂ ಸೇರಿಸಿ ಸಹಿ ಮಾಡಿದಳು.

ಇಂಜಿನಿಯರ್ ಬಾಯಿ ಕಾಗದ ಮಡಚುತ್ತ ಅವಳ ಕಡೆ ನೋಡಿ ಕೇಳಿದರು, "ಇನ್ನೇನರ ಹೇಳೋದು ಉಳದದೇನ್ರಿ, ಅಕ್ಕಾರ?"

"ಚಹಾ ಉಳದೈತ್ರಿ" ಎಂದಳು ದೊಡ್ಡಕ್ಕ. "ಕುಡದ ಹೋಗ್ರಿ."